ಬೆಲ್ಲ ನೀರು ಮರೆತ ಊರು

ಬೆಟ್ಟಗಳಿಗೂ ಒಬ್ಬೊಬ್ಬ ಅರಸನಿದ್ದ ಕಾಲದಲ್ಲಿ, ಕಲ್ಲಂಬಿ ಎಂಬ ಕೋಟೆಯೂರಿನಲ್ಲಿ, ಒಂದು ದಿನ ಬೆಳಿಗ್ಗೆ ಕೇತಯ್ಯನ ಬಲಗೈ ಕಲ್ಲಾಯಿತು.

ಮೊದಲು ಕಂಡವಳು ಜಕ್ಕವ್ವ. ಅವಳು ಹೆಬ್ಬಾಗಿಲ ಅಗುಳಿ ಕಾಯುವವಳು. ಸೂರ್ಯ ಹುಟ್ಟಿದಾಗ ಅಗುಳಿ ಎಳೆಯುವುದು, ಮುಳುಗಿದಾಗ ಹಾಕುವುದು ಅವಳ ಕೆಲಸ. ಬಾಗಿಲಿಗೆ ಅಂಟಿಕೊಂಡಂತೆ ಕೇತಯ್ಯನ ಮನೆ. ಅಗುಳಿ ಎಳೆದು, ಅವನ ಅಂಗಳದಲ್ಲಿ ಮುಖ ತೊಳೆದು ಹೋಗುವುದು ಅವಳ ರೂಢಿ.

ಮುದುಕ ಜಗಲಿಯ ಮೇಲೆ ಕೂತಿದ್ದ. ಓಲೆ ಕೊರೆಯುವ ಕಬ್ಬಿಣದ ಕಂಟ ಬೆರಳುಗಳ ನಡುವೆ ಸಿಕ್ಕಿಕೊಂಡಿತ್ತು. ಬೆರಳು ಕರಿಕಲ್ಲು.

“ಅಜ್ಜಾ, ಕೈಗೇನಾಯ್ತು?”

“ಕಾಣುವುದಿಲ್ಲವೇ? ಕಲ್ಲಾಯ್ತು.”

“ಯಾರು ಮಾಡಿದ್ದು?”

“ನಾನೇ.”

ಕೇತಯ್ಯ ಕತೆ ಬರೆಯುವವನು. ಕಲ್ಲಂಬಿಯ ಹಳೆಯ ಮುತ್ತಿಗೆಗಳ ಕತೆ. ಕುದುರೆಯ ಜೂಲು ಹಿಡಿದು ಹೊಳೆ ಈಸಿದ ದಳವಾಯಿ ಇರುಗನ ಕತೆ. ಒಬ್ಬರ ಓಲೆ ನೋಡಿ ಇನ್ನೊಬ್ಬರು ಬರೆದುಕೊಂಡು, ಅವನ ಕತೆಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಓದು ಬಾರದವರು ಕೂತು ಕೇಳುತ್ತಿದ್ದರು. ಒಲೆಯ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು. ಯಾರೂ ಏಳುತ್ತಿರಲಿಲ್ಲ.

ದೂರದಿಂದ ನಡೆದು ಬಂದವರಿಗೆ ಬೆಲ್ಲ ನೀರು ಕೊಡುವುದು ಆ ನಾಡಿನ ಪದ್ಧತಿ. ಕತೆ ಬರೆದವನೂ ದೂರದಿಂದಲೇ ಬಂದವನು. ಸತ್ತವರ ಕಾಲಕ್ಕೆ ಹೋಗಿ ಬರುವ ದಾರಿ ಸಣ್ಣದಲ್ಲ. ಅದಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಕತೆ ಮುಗಿಸಿದವರು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಹಿಡಿದು ಬರೆದವನ ಬಾಗಿಲಿಗೆ ಹೋಗಬೇಕು. ಯಾವ ಕತೆ, ಅದರಿಂದ ತನಗೇನಾಯಿತು, ಎರಡು ಮಾತು ಹೇಳಿ ಬರಬೇಕು. ಬೆಲ್ಲ ನೀರು ಹಿಡಿದು ಬಂದವರಿಗೆ ಬಾಗಿಲು ಹಾಕುವಂತಿಲ್ಲ. ಬೇರೆಯವರಿಗೆಂದು ತಂದದ್ದನ್ನು ಕುಡಿದರೆ ಗಂಟಲು ಸುಡುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತಿದ್ದರು.

“ನಿನ್ನೆ ಬೂದಿಗಣ್ಣ ಬಂದಿದ್ದ,” ಎಂದ ಕೇತಯ್ಯ.

ಬೂದಿಗಣ್ಣ ಹೊಳೆಯಾಚೆ ಹಾಳುಕೋಟೆಯಲ್ಲಿದ್ದ ಮಾಂತ್ರಿಕ. ಹುಟ್ಟಿದ್ದು ಕಲ್ಲಂಬಿಯಲ್ಲಿ. ಕಲ್ಲಂಬಿಯ ಮೇಲೆ ಕಣ್ಣಿಟ್ಟೇ ಮುದುಕನಾದವನು.

“ಏನಂದ?”

“ಇಷ್ಟು ಕತೆ ಬರೆದೆಯಲ್ಲ, ಬೆಲ್ಲ ನೀರು ಯಾರು ತಂದರು ಅಂದ. ಯಾರೂ ಇಲ್ಲ ಅಂದೆ. ಹಾಗಾದರೆ ಯಾರಿಗೂ ಬೇಡದ್ದು, ನನಗೆ ಕೊಡು ಅಂದ. ತಗೊಂಡು ಹೋಗು ಅಂದೆ.”

“ಕೊಟ್ಟೇಬಿಟ್ಟೆಯಾ?”

“ಬೇಸರ ಬಂದಿತ್ತು.”

ಜಕ್ಕವ್ವ ಒಳಗೆ ಹೋಗಿ ಓಲೆಯ ಕಟ್ಟು ಬಿಚ್ಚಿದಳು. ಒಂದಕ್ಷರವೂ ಇರಲಿಲ್ಲ. ಬರಿಯ ತಾಳೆಗರಿ.

“ಇವತ್ತು ಹುಣ್ಣಿಮೆ. ಚಂದ್ರ ಹುಟ್ಟುವ ಹೊತ್ತಿಗೆ ನಾನು ಪೂರಾ ಕಲ್ಲು,” ಎಂದ ಕೇತಯ್ಯ. “ಆಗ ಅವನು ಬರುತ್ತಾನೆ. ಬಾಗಿಲು ತೆಗೆಯಿರಿ ಅನ್ನುತ್ತಾನೆ. ತೆಗೆಯುತ್ತಾರೆ.”

“ಯಾಕೆ ತೆಗೆಯುತ್ತಾರೆ?”

“ಈ ಬಾಗಿಲನ್ನು ಹಿಂದೆ ಯಾರೋ ಹಿಡಿದು ನಿಂತಿದ್ದರು ಅನ್ನುವುದು ಒಬ್ಬರಿಗೂ ನೆನಪಿರುವುದಿಲ್ಲ.”

ಜಕ್ಕವ್ವ ಹೊರಗೆ ಓಡಿದಳು. ಬಾಗಿಲ ಕಾವಲಿನ ಬೂಚಣ್ಣ ಎಲೆ ಅಡಿಕೆ ಹಾಕುತ್ತ ನಿಂತಿದ್ದ.

“ಬೂಚಣ್ಣಾ, ಇರುಗ ಯಾರು?”

“ನನ್ನ ಮಗ. ಸಗಣಿ ತರಲು ಹೋಗಿದ್ದಾನೆ. ಏನು ಮಾಡಿದ ಮತ್ತೆ?”

“ಆ ಹೆಸರು ಯಾಕಿಟ್ಟೆ ಅವನಿಗೆ?”

ಬೂಚಣ್ಣ ತಲೆ ಕೆರೆದ. “ಇಡಬೇಕು ಅನ್ನಿಸಿತ್ತು. ಯಾಕೋ ಮರೆತುಹೋಯಿತು.”

“ಕೇತಜ್ಜನಿಗೆ ಯಾವತ್ತಾದರೂ ಬೆಲ್ಲ ನೀರು ಕೊಟ್ಟಿದ್ದೆಯಾ?”

“ಊರಿಗೆ ಊರೇ ಓದುತ್ತಿತ್ತಲ್ಲ ಮಾರಾಯ್ತಿ. ಯಾರಾದರೂ ಕೊಟ್ಟಿರುತ್ತಾರೆ ಬಿಡು.”

ಅವಳು ಮುಂದಿನ ಮನೆಯಲ್ಲಿ ಕೇಳಿದಳು. ಯಾರಾದರೂ ಕೊಟ್ಟಿರುತ್ತಾರೆ ಎಂದರು. ಅದರ ಮುಂದಿನ ಮನೆಯಲ್ಲೂ ಅದೇ ಮಾತು. ಜಕ್ಕವ್ವ ನಿಂತುಬಿಟ್ಟಳು. ತಾನೂ ಹಾಗೇ ಅಂದುಕೊಂಡಿದ್ದಳು. ದಿನವೂ ಆ ಅಂಗಳದಲ್ಲಿ ಮುಖ ತೊಳೆದವಳು, ಅವನದೇ ನೀರು ಬಳಸಿ ಬಂದವಳು, ಒಂದು ತಂಬಿಗೆ ಎತ್ತಿ ಕೊಟ್ಟಿರಲಿಲ್ಲ.

ಚಿಕ್ಕವಳಿದ್ದಾಗ ಅವಳಿಗೆ ಜ್ವರ ಬಂದಿತ್ತು. ವೈದ್ಯ ಕೈಬಿಟ್ಟಿದ್ದ. ಅಪ್ಪ ಪಕ್ಕದಲ್ಲಿ ಕೂತು ಇರುಗನ ಕತೆ ಓದಿದ. ಇರುಗ ಹೊಳೆ ದಾಟುವ ತನಕ ಕಣ್ಣು ಮುಚ್ಚಬೇಡ ಮಗಳೇ ಎಂದ. ಅವಳು ಮುಚ್ಚಲಿಲ್ಲ. ಇರುಗ ದಾಟುವ ಹೊತ್ತಿಗೆ ಜ್ವರ ಇಳಿದಿತ್ತು. ದೊಡ್ಡವಳಾದ ಮೇಲೆ ಅಗುಳಿ ಹಿಡಿದದ್ದು ಅದೇ ಕತೆಯಿಂದ. ಆ ಕತೆ ಅವಳಲ್ಲಿ ಓಲೆಯಾಗಿ ಉಳಿದಿರಲಿಲ್ಲ, ಕೈಗೆ ಇಳಿದಿತ್ತು. ಅದಕ್ಕೇ ಮಾಂತ್ರಿಕನಿಗೆ ಅದು ಸಿಗಲಿಲ್ಲ.

ಅವಳು ಬೆಲ್ಲ ನೀರು ತಂದು ಮುದುಕನ ಮುಂದೆ ಹಿಡಿದಳು.

“ಈಗ ನಾನು ಕುಡಿಯುವ ಹಾಗಿಲ್ಲ,” ಎಂದ ಅವನು. “ಕತೆ ನನ್ನ ಹತ್ತಿರ ಇಲ್ಲ. ಅದು ಇರುವಲ್ಲಿಗೆ ಒಯ್ಯಬೇಕು.”

“ಒಯ್ಯುತ್ತೇನೆ.”

“ದಾರಿ ಗೊತ್ತೇನು?”

“ನೀನೇ ಬರೆದಿದ್ದೀಯಲ್ಲ. ಮೊದಲು ಹೊಳೆ. ಆಮೇಲೆ ಆನೆಯ ಕಣಿವೆ. ಆಮೇಲೆ ಹಾಳುಕೋಟೆಯ ಹಿಂದೆ ಅತ್ತಿಮರ, ಅದರ ಬುಡದಲ್ಲಿ ಸುರಂಗ.”

ಸುರಂಗದ ಮಾತಿಗೆ ಕೇತಯ್ಯ ಕಣ್ಣು ಬೇರೆ ಕಡೆ ತಿರುಗಿಸಿದ.

ಜಕ್ಕವ್ವ ತಂಬಿಗೆಯ ಬಾಯಿ ಬಿಗಿದು ತಲೆಗೆ ಕಟ್ಟಿಕೊಂಡಳು. ಬೆಲ್ಲವನ್ನು ಎಲೆಯಲ್ಲಿ ಸುತ್ತಿ ತುರುಬಿಗೆ ಸಿಕ್ಕಿಸಿದಳು. ಅಗುಳಿಯನ್ನು ಬೂಚಣ್ಣನಿಗೆ ಒಪ್ಪಿಸಿದಳು.

“ಬೂದಿಗಣ್ಣ ಬಂದರೆ ತೆಗೆಯಬೇಡ.”

“ಯಾಕೆ?”

“ನಾನು ಹೇಳಿದೆ ಅಂತ.”

“ಒಳ್ಳೇ ಕತೆಯಾಯ್ತಲ್ಲ,” ಎಂದ ಬೂಚಣ್ಣ. ಆದರೆ ಅವಳು ಹೊರಬಿದ್ದ ಮೇಲೆ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತ.

ಹೊಳೆಯಲ್ಲಿ ಒಂದು ಮೊಸಳೆ ಇತ್ತು. ದೋಣಿಯಷ್ಟು ಉದ್ದ. ನೋಡಿದಷ್ಟೂ ಬೆಳೆಯುವ ಮೊಸಳೆ.

“ಯಾರದು?” ಎಂದಿತು.

“ಕಲ್ಲಂಬಿಯ ಜಕ್ಕವ್ವ.”

“ನನ್ನನ್ನು ನೋಡು ಜಕ್ಕವ್ವಾ. ಚೆನ್ನಾಗಿದ್ದೇನೆ.”

ಇರುಗ ಹೊಳೆ ದಾಟುವಾಗ ನೀರು ನೋಡಲಿಲ್ಲ, ಆಚೆ ದಡದ ಹೊಂಗೆ ಮರ ನೋಡಿದ ಎಂದು ಕತೆಯಲ್ಲಿತ್ತು. ಆಚೆ ದಡದಲ್ಲಿ ಹೊಂಗೆ ಇರಲಿಲ್ಲ, ಒಂದು ಬೇಲದ ಮರವಿತ್ತು. ಅದನ್ನೇ ನೋಡುತ್ತ ಜಕ್ಕವ್ವ ಈಸಿದಳು. ಮೊಸಳೆ ಪಕ್ಕದಲ್ಲೇ ಬಂತು. ನೋಡು ನೋಡು ಎಂದಿತು. ಅವಳು ನೋಡಲಿಲ್ಲ. ನಡುಹೊಳೆಯಲ್ಲಿ ಅದು ಉಡದಷ್ಟಾಯಿತು. ದಡದ ಹತ್ತಿರ ಹಲ್ಲಿಯಷ್ಟಾಯಿತು. ಕೆಸರಿಗೆ ಬಿದ್ದು ಕಾಣದಾಯಿತು.

ಕಣಿವೆಯಲ್ಲಿ ಒಂದು ಆನೆ ಇತ್ತು. ದಂತದ ತುದಿಯಲ್ಲಿ ಬೆಂಕಿ. ಅದು ಘೀಳಿಟ್ಟರೆ ಬೆಟ್ಟದ ಕಲ್ಲು ಉರುಳುತ್ತಿತ್ತು.

ಮದ್ದಾನೆ ಎದುರು ಬಂದಾಗ ಇರುಗ ಕತ್ತಿ ಕೆಳಗಿಟ್ಟು ದಾರಿಯಲ್ಲೇ ಕೂತ, ಭದ್ರಾ ಎಂದು ಕರೆದ, ಆನೆಯೂ ಕೂತಿತು ಎಂದು ಕತೆಯಲ್ಲಿತ್ತು. ಓದುವಾಗ ಅದು ಸುಲಭವಾಗಿ ಕಂಡಿತ್ತು. ಈಗ ಜಕ್ಕವ್ವ ನಿಂತೇ ಇದ್ದಳು. ಆನೆ ಹತ್ತಿರ ಬಂತು. ಬೆಂಕಿಯ ಕಾವು ಮುಖಕ್ಕೆ ತಾಗಿತು. ಅವಳು ಬಿದ್ದ ಹಾಗೆ ಕೂತಳು.

“ಭದ್ರಾ, ಕೂತುಕೋ.”

ಆನೆ ನಿಂತಿತು. ಸೊಂಡಿಲಿನಿಂದ ಅವಳ ತಲೆ ಮೂಸಿತು. ದಂತದ ಬೆಂಕಿ ಆರಿತು. ಆನೆ ಕೂತಿತು.

ಕತೆ ಎರಡು ಸಲ ಕೈಹಿಡಿದಿತ್ತು. ಜಕ್ಕವ್ವ ಓಡುತ್ತಲೇ ಬೆಟ್ಟ ಹತ್ತಿದಳು. ಕೋಟೆಯ ಹಿಂದೆ ಅತ್ತಿಮರ ಇತ್ತು. ಬುಡದಲ್ಲಿ ಸುರಂಗ ಇರಲಿಲ್ಲ.

ಅವಳು ಮಣ್ಣು ಕೆದಕಿದಳು. ಉಗುರು ಕಿತ್ತು ಬಂತು. ಕೆಳಗೆ ಬಂಡೆ. ಮರದ ಸುತ್ತ ಕೆದಕಿದಳು. ಎಲ್ಲ ಕಡೆ ಬಂಡೆ.

“ಸುಳ್ಳು ಬರೆದೆಯಾ ಅಜ್ಜಾ!”

ಗೋಡೆಯ ಮೇಲಿಂದ ನಗು ಕೇಳಿಸಿತು. ಬೂದಿಗಣ್ಣ ಬಗ್ಗಿ ನೋಡುತ್ತಿದ್ದ. ಕಣ್ಣಿರಬೇಕಾದಲ್ಲಿ ಬೂದಿ.

“ಅವನು ಈ ಬೆಟ್ಟ ಹತ್ತಿದವನೇ ಅಲ್ಲ ಹುಡುಗೀ. ಜಗಲಿಯ ಮೇಲೆ ಕೂತು ಬರೆದ. ಇರುಗ ಇದ್ದದ್ದು ನಿಜ. ಹೊಳೆ ದಾಟಿದ್ದು ದೋಣಿಯಲ್ಲಿ. ಆ ಆನೆಗೆ ಭದ್ರ ಎಂಬ ಹೆಸರೇ ಇಲ್ಲ. ಇಷ್ಟು ಸಣ್ಣ ಪ್ರಾಣಿ ಎದುರು ಕೂತಿತಲ್ಲ ಎಂದು ಅದಕ್ಕೆ ಬೆರಗಾಯಿತು, ಅಷ್ಟೇ. ಮನೆಗೆ ಹೋಗು. ಸುಳ್ಳು ನನ್ನ ಹತ್ತಿರವೇ ಇರಲಿ.”

ಜಕ್ಕವ್ವ ಮರದ ಕೆಳಗೆ ಕುಸಿದಳು. ಹುಣ್ಣಿಮೆಯ ದಿನ ಅದು. ಬಿಸಿಲು ಇಳಿಯುತ್ತಿತ್ತು.

ಸೆರಗು ಇನ್ನೂ ಒದ್ದೆಯಾಗಿತ್ತು. ಹಿಂಡಿದಳು. ಹೊಳೆಯ ನೀರು ಬಿತ್ತು. ಕೈ ಮೂಸಿದಳು. ಆನೆಯ ವಾಸನೆ ಇತ್ತು.

“ಇರುಗ ದೋಣಿಯಲ್ಲೇ ಬಂದಿರಲಿ,” ಎಂದಳು. “ನಾನು ಈಸಿ ಬಂದೆ.”

ಎದ್ದಳು. ಗೋಡೆಯ ಸುತ್ತ ನಡೆದು ಕೋಟೆಯ ಮುಂಬಾಗಿಲಿಗೆ ಬಂದಳು. ಕಬ್ಬಿಣದ ಬಾಗಿಲು, ಅದರ ಅಗುಳಿಯಾಗಿ ಒಂದು ಹೆಬ್ಬಾವು ಸುತ್ತಿಕೊಂಡಿತ್ತು. ಅವಳು ತಲೆಯಿಂದ ತಂಬಿಗೆ ಬಿಚ್ಚಿದಳು, ತುರುಬಿನಿಂದ ಬೆಲ್ಲ ತೆಗೆದಳು, ಎರಡನ್ನೂ ಮುಂದೆ ಹಿಡಿದಳು.

“ಕಲ್ಲಂಬಿಯವಳು ಬಂದಿದ್ದೇನೆ. ಬೆಲ್ಲ ನೀರು ತಂದಿದ್ದೇನೆ. ಬಾಗಿಲು ತೆಗಿ.”

ಬೂದಿಗಣ್ಣ ಬೇಡ ಎಂದು ಕೂಗಿದ. ಆದರೆ ಅವನೂ ಆ ನಾಡಿನಲ್ಲೇ ಹುಟ್ಟಿದವನು. ಹುಟ್ಟಿದ ನೆಲದ ಕಟ್ಟಳೆ ಅವನ ಮಂತ್ರಕ್ಕಿಂತ ಹಳೆಯದು. ಹೆಬ್ಬಾವು ಸುರುಳಿ ಬಿಚ್ಚಿತು. ಬಾಗಿಲು ತೆರೆಯಿತು.

ಒಳಗೆ ಒಂದು ತಾಮ್ರದ ಕೊಪ್ಪರಿಗೆ. ಮುಚ್ಚಳದ ಕೆಳಗೆ ಜೇನುಗೂಡಿನಂಥ ಸದ್ದು. ಕತೆಗಳು ಅದರೊಳಗಿದ್ದವು.

ಬೂದಿಗಣ್ಣ ಅಡ್ಡ ನಿಂತ. “ಕತೆ ಈಗ ನನ್ನದು. ಬೆಲ್ಲ ನೀರೂ ನನ್ನದೇ. ತಾ ಇಲ್ಲಿ. ಇಷ್ಟು ವರ್ಷ ನನಗೂ ಯಾರೂ ತಂದಿಲ್ಲ.”

“ನೀನು ಏನು ಬರೆದೆ?”

ಅವನು ತಂಬಿಗೆ ಕಿತ್ತುಕೊಂಡು ಗಟಗಟ ಕುಡಿದ. ಅವನು ಕುಡಿಯುತ್ತಿದ್ದಾಗಲೇ ಜಕ್ಕವ್ವ ಎರಡು ಮಾತು ಹೇಳಿದಳು.

“ಇರುಗನ ಕತೆ. ಸಾಯಬೇಕಾದವಳು ಅದು ಮುಗಿಯಲಿ ಎಂದು ಬದುಕಿದೆ. ಬರೆದ ಕೇತಯ್ಯನಿಗೆ ಈ ನೀರು.”

ಬೂದಿಗಣ್ಣನ ಗಂಟಲಲ್ಲಿ ನೀರು ಕೆಂಡವಾಯಿತು. ಮೊದಲು ಕಣ್ಣಿನ ಬೂದಿ ಉದುರಿತು. ಆಮೇಲೆ ಅವನೇ ಉದುರಿದ. ಮೊಣಕಾಲೆತ್ತರದ ಬೂದಿಯ ಗುಡ್ಡೆ ಉಳಿಯಿತು.

ಜಕ್ಕವ್ವ ಮುಚ್ಚಳ ತೆಗೆದಳು. ಅಕ್ಷರಗಳು ದುಂಬಿಗಳ ಹಾಗೆ ಎದ್ದು ಹೊಳೆಯ ಕಡೆ ಹಾರಿದವು.

ಆನೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು. ಕಲ್ಲಂಬಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಇನ್ನೂ ಅಗುಳಿಗೆ ಬೆನ್ನು ಕೊಟ್ಟು ಕೂತಿದ್ದ ಬೂಚಣ್ಣ ಅವಳ ದನಿ ಕೇಳಿ ಬಾಗಿಲು ತೆರೆದ. ಅವನ ಕಣ್ಣಲ್ಲಿ ನೀರಿತ್ತು.

“ಜಕ್ಕವ್ವಾ, ಮಗನಿಗೆ ಆ ಹೆಸರು ಯಾಕಿಟ್ಟೆ ಅಂತ ನೆನಪಾಯ್ತು.”

ಕೇತಯ್ಯನ ಮನೆಯ ಮುಂದೆ ಊರು ಸೇರಿತ್ತು. ಎಲ್ಲರ ಕೈಯಲ್ಲೂ ತಂಬಿಗೆ. ಮುದುಕ ಕುತ್ತಿಗೆಯ ತನಕ ಕಲ್ಲಾಗಿದ್ದ. ಒಬ್ಬೊಬ್ಬರೇ ಬಂದು ಅವನ ಬಾಯಿಗೆ ಗುಟುಕು ನೀರು ಹಾಕಿದರು. ಎರಡು ಮಾತು ಹೇಳಿದರು. ಗಂಡ ಸತ್ತ ವರ್ಷ ಓದಿದೆ, ಎಂದಳು ಒಬ್ಬಳು. ಅಪ್ಪನೂ ನಾನೂ ಜಗಳ ಬಿಟ್ಟು ಜೊತೆಗೆ ಕೂತದ್ದು ನಿನ್ನ ಕತೆ ಕೇಳಲು ಮಾತ್ರ, ಎಂದ ಒಬ್ಬ. ನಮ್ಮೂರಿಗೂ ಒಂದು ಹಿಂದಿನ ಕಾಲ ಇತ್ತೆಂದು ತಿಳಿಯಿತು, ಎಂದಳು ಅರಸನ ತಾಯಿ. ಗುಟುಕಿಗೊಂದಿಷ್ಟು ಕಲ್ಲು ಮೆತ್ತಗಾಯಿತು. ಹೆಗಲು ಬಂತು. ಎದೆ ಬಂತು. ಕಾಲು ಬಂತು.

ಕೊನೆಗೆ ಜಕ್ಕವ್ವ ಕೊಟ್ಟಳು. ಕೇತಯ್ಯ ತಂಬಿಗೆ ಪೂರಾ ಕುಡಿದ.

“ಸುರಂಗ ಇತ್ತೇ?” ಎಂದು ಕೇಳಿದ.

“ಇರಲಿಲ್ಲ.”

“ಗೊತ್ತಿತ್ತು.”

“ಮತ್ತೆ ಯಾಕೆ ಬರೆದೆ?”

“ಯಾರಾದರೂ ಅಲ್ಲಿಯ ತನಕ ಹೋಗಲಿ ಅಂತ.”

ಜಕ್ಕವ್ವ ಎದ್ದು ಹೋಗಿ ಅಗುಳಿ ಹಾಕಿದಳು.

ಅಂದಿನಿಂದ ಕಲ್ಲಂಬಿಯಲ್ಲಿ ಎಲ್ಲರೂ ಹೆದರಿಕೆಯಿಲ್ಲದೆ ಉಂಡು ಮಲಗಿದರು. ಕತೆಗಳನ್ನು ಎತ್ತಿ ಕೊಟ್ಟ ಕೇತಯ್ಯನ ಬಲಗೈ ಮಾತ್ರ ಕಲ್ಲಾಗಿಯೇ ಉಳಿಯಿತು. ಅವನು ಎಡಗೈಯಲ್ಲಿ ಇನ್ನೊಂದು ಕತೆ ಬರೆದ.