ಕೂದಲಿನ ಹೊಲಿಗೆ

“ಇದಕ್ಕೆ ಕತ್ತರಿ ಹಾಕುವುದು ಬೇಡ ಮೇಡಂ.”

ಇಸ್ಮಾಯಿಲ್ ಬಟ್ಟೆಯ ಅಂಚನ್ನು ಟ್ಯೂಬ್‌ಲೈಟಿಗೆ ಹಿಡಿದ. “ಈ ಹೊಲಿಗೆ ನೋಡಿ. ನೂಲಲ್ಲ ಇದು. ಕೂದಲು. ಹೆಂಗಸಿನ ಕೂದಲು.”

ಯಶ್ಮಿತಾ ನಕ್ಕುಬಿಟ್ಟಳು. ಉಡುಪಿಯಿಂದ ದುಬೈಗೆ ಬಂದು ಅವಳಿಗೆ ನಾಲ್ಕೇ ತಿಂಗಳಾಗಿತ್ತು. ಅಲ್ ಕುಸೈಸ್‌ನ ಈ ಹೊಲಿಗೆ ಅಂಗಡಿಯಲ್ಲಿ ಅವಳು ಡಿಸೈನರ್; ಉಳ್ಳಾಲದ ಇಸ್ಮಾಯಿಲ್ ಇಪ್ಪತ್ತೆರಡು ವರ್ಷದಿಂದ ಇಲ್ಲಿರುವ ಕಟಿಂಗ್ ಮಾಸ್ಟರ್. ಜೆಬೆಲ್ ಅಲಿ ಬಂದರಿನ ಹಳೇ ಬಟ್ಟೆಗಳ ಗೋದಾಮಿಗೆ ಹೋಗಿದ್ದಾಗ, ಜಪಾನಿನಿಂದ ಬಂದ ಮೂಟೆಯೊಂದರ ತಳದಲ್ಲಿ ಅವಳಿಗೆ ಇದು ಸಿಕ್ಕಿತ್ತು. ಕೈಮಗ್ಗದ ಹಳೆಯ ಹಾಸಿಗೆ ಹೊದಿಕೆ. ನೀಲಿ ಗಿಡದ ಸೊಪ್ಪು ಕೊಳೆಸಿ ತೆಗೆದ ಬಣ್ಣದಲ್ಲಿ ಅದ್ದಿ ಅದ್ದಿ ಕಪ್ಪಿಗೆ ತಿರುಗಿದ ನೀಲಿ. ಮೂಸಿದರೆ ಹಸಿಮಣ್ಣು, ಹೊಗೆ, ಅದರಡಿಯಲ್ಲಿ ಬೆವರಿನಂಥ ಒಂದು ಕಮಟು.

“ಯಾರೋ ಹೆಂಗಸು ಇದರೊಳಗೆ ಏನನ್ನೋ ಕಟ್ಟಿ ಹಾಕಿದ್ದಾಳೆ. ನೂಲಿನ ಮೇಲೆ ನಂಬಿಕೆ ಇಲ್ಲದೆ ತನ್ನ ಕೂದಲಲ್ಲೇ ಹೊಲಿದಿದ್ದಾಳೆ. ಬಿಚ್ಚಲಿಕ್ಕೆ ಹೋಗ್ಬೇಡಿ, ನಿಮ್ಮ ಕಾಲು ಹಿಡಿತೇನೆ.”

“ಏನು ಇಸ್ಮಾಯಿಲ್ ಕಾಕ, ದುಬೈಯಲ್ಲಿ ಕೂತು ಮಾಟದ ಮಾತಾಡ್ತೀರಲ್ಲ! ಜಪಾನಿನ ಭೂತಕ್ಕೆ ವೀಸಾ ಯಾರು ಕೊಟ್ಟದ್ದು?”

ಇಸ್ಮಾಯಿಲ್ ನಗಲಿಲ್ಲ. ಕತ್ತರಿ ಮೇಜಿನ ಮೇಲಿಟ್ಟು ಹೊರಗೆ ಹೋದ.

ಹೊಲಿಗೆಯನ್ನು ಅವಳೇ ಬಿಚ್ಚಿದಳು. ಪ್ರತಿ ಎಳೆ ಕಿತ್ತಾಗಲೂ ಹಲ್ಲು ಕಡಿದಂಥ ಸಣ್ಣ ಸದ್ದು. ಕೊನೆಯ ಗಂಟಿಗೆ ಬಂದಾಗ ಬ್ಲೇಡು ಜಾರಿ ಅಂಗೈಯನ್ನು ಉದ್ದಕ್ಕೆ ಸೀಳಿತು. ರಕ್ತ ಬಟ್ಟೆಯ ಮೇಲೆ ಬಳಬಳ ಸುರಿಯಿತು. ಗಾಬರಿಯಿಂದ ಒರೆಸಲು ಹೋದರೆ ಕಲೆಯೇ ಇರಲಿಲ್ಲ. ಬಟ್ಟೆ ಒಣಗಿತ್ತು. ಬಣ್ಣ ಗಾಢವಾಗಿದೆ ಅಷ್ಟೆ, ಅಂದುಕೊಂಡಳು.

ಒಂದು ವಾರದಲ್ಲಿ ಆ ಹೊದಿಕೆಯಿಂದ ಅವಳಿಗೊಂದು ಜಾಕೆಟ್ ಸಿದ್ಧವಾಯಿತು.

ಅಂದು ಶುಕ್ರವಾರ, ಊಟದ ಹೊತ್ತು ಕಳೆದಿತ್ತು. ಹೊರಗೆ ಧೂಳಿನ ಬಿರುಗಾಳಿ ಎದ್ದು ಕಿಟಕಿಗಳೆಲ್ಲ ಕಂದಾಗಿದ್ದವು. ಅಕ್ಕ ಜಲಜಾಕ್ಷಿ ಫ್ಲ್ಯಾಟಿನ ನಡುಕೋಣೆಯಲ್ಲಿ ತನ್ನ ನರ್ಸ್ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. ಅಮ್ಮ ಸತ್ತ ಮೇಲೆ ಆರು ವರ್ಷದ ಯಶ್ಮಿತಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ವೀಸಾ ಮಾಡಿಸಿ ಇಲ್ಲಿಗೆ ಕರೆಸಿಕೊಂಡವಳೂ ಇವಳೇ. ಭಾವ ಅಬುಧಾಬಿಯಲ್ಲಿ ಡ್ಯೂಟಿಯ ಮೇಲಿದ್ದ.

“ಅಕ್ಕಾ, ಹೇಗುಂಟು?” ಜಾಕೆಟ್ ತೊಟ್ಟು ಬಂದ ಯಶ್ಮಿತಾ ಒಂದು ಸುತ್ತು ತಿರುಗಿದಳು.

“ಚಂದ ಉಂಟು. ಆದರೆ ಎಂಥ ವಾಸನೆ ಮಾರಾಯ್ತಿ ಇದು? ಏನೋ ಸತ್ತ ಹಾಗೆ. ತೆಗೆ ಒಮ್ಮೆ.”

ಆಗಲೇ ಕರೆಂಟು ಹೋಯಿತು. ಎಸಿ ನಿಂತಿತು. ಕೋಣೆ ಕಡುಗಂದು ಕತ್ತಲಲ್ಲಿ ಮುಳುಗಿತು. ಗಾಳಿ ಗಾಜಿಗೆ ಮರಳು ಎರಚುವ ಸದ್ದು ಬಿಟ್ಟರೆ ಬೇರೇನಿಲ್ಲ.

ಯಶ್ಮಿತಾ ಗುಂಡಿಗೆ ಕೈ ಹಾಕಿದಳು. ಬಿಚ್ಚಲಿಲ್ಲ. ತೋಳುಗಳು ಬಿಗಿಯುತ್ತಿದ್ದವು. ಒದ್ದೆ ಚರ್ಮದ ಹಾಗೆ ಬಟ್ಟೆ ಮೈಗೆ ಅಂಟುತ್ತಿತ್ತು. ಭುಜದ ಹಿಂದೆ ಯಾರದೋ ಬಿಸಿಯುಸಿರು.

“ಅಕ್ಕಾ... ತೆಗೆಯಲಿಕ್ಕೆ ಆಗ್ತಿಲ್ಲ.”

ಜಲಜಾಕ್ಷಿ ತಡಕಾಡುತ್ತ ಹತ್ತಿರ ಬಂದಳು. ಯಶ್ಮಿತಾಳ ಕೈಗಳು ಮೇಲೆದ್ದವು. ಅವಳು ಎತ್ತಿರಲಿಲ್ಲ. ಎರಡೂ ಕೈ ನೇರ ಅಕ್ಕನ ಕುತ್ತಿಗೆಗೆ ಹೋದವು. ಹಿಡಿದವು. ಹಿಸುಕಿದವು.

“ಓಡು! ಅಕ್ಕಾ, ಓಡು!” ಬಾಯಿ ಕಿರುಚುತ್ತಿತ್ತು. ಕೈ ಬಿಡಲಿಲ್ಲ. ಹೆಬ್ಬೆರಳುಗಳು ಗಂಟಲ ಗುಳಿಗೆ ಇಳಿದವು. ಜಲಜಾಕ್ಷಿಯ ತಲೆ ಗೋಡೆಗೆ ಬಡಿಯಿತು. ಮತ್ತೊಮ್ಮೆ. ಮತ್ತೊಮ್ಮೆ. ರಕ್ತದ ಬಿಸಿ ವಾಸನೆ. ಅವಳ ಕಾಲು ನೆಲ ಒದೆಯುತ್ತಿತ್ತು. ಒದೆತ ನಿಧಾನವಾಯಿತು. ಆಗ, ಆ ಕತ್ತಲಲ್ಲಿ, ಯಶ್ಮಿತಾಳ ಎದೆಯೊಳಗೆ ಒಂದು ಸುಖ ಹರಿಯಿತು. ಅದು ಅವಳದಲ್ಲ. ಆದರೂ ಹರಿಯಿತು.

ಜಲಜಾಕ್ಷಿಯ ಕೈಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿತು. ಇನ್ನೂ ಕಾದಿತ್ತು. ಎತ್ತಿ ತಂಗಿಯ ಬಲಗೈ ಬೆರಳುಗಳಿಂದ ತೋಳಿನ ಅಂಚಿನವರೆಗೆ ಒತ್ತಿದಳು. ಚುರ್ರೆಂದಿತು. ಒತ್ತಿದಳು. ನೀಲಿ ಬಟ್ಟೆ ಸುಟ್ಟು ಕರಕಾಯಿತು. ಅದರಡಿಯ ಚರ್ಮವೂ ಬೆಂದಿತು. ಸುಟ್ಟ ಕೂದಲ ನಾತ. ಇಬ್ಬರಲ್ಲಿ ಯಾರದೂ ಅಲ್ಲದ ಗಂಡಸಿನ ಕೂಗೊಂದು ಕೋಣೆಯನ್ನು ಸೀಳಿತು.

ಹಿಡಿತ ಬಿಟ್ಟಿತು.

ಕತ್ತಲಲ್ಲಿ ಇಸ್ತ್ರಿಪೆಟ್ಟಿಗೆ ತಂಗಿಯ ಕೈಮೇಲೆ ಬಿತ್ತು, ಎಳೆದಾಟದಲ್ಲಿ ತಾನೂ ಬಿದ್ದೆ ಎಂದು ಜಲಜಾಕ್ಷಿ ಪೊಲೀಸರಿಗೆ ಹೇಳಿದಳು. ಒಡೆದ ಗಂಟಲಿನಿಂದ ಹೊರಟ ಪಿಸುಮಾತನ್ನು ಅವರು ಬಗ್ಗಿ ಕೇಳಿ ಬರೆದುಕೊಂಡರು. ಯಶ್ಮಿತಾಳ ಬಲಗೈಯ ಮೂರು ಬೆರಳನ್ನು ಡಾಕ್ಟರು ಕತ್ತರಿಸಿ ತೆಗೆದರು. ಇಸ್ಮಾಯಿಲ್ ಆಸ್ಪತ್ರೆಗೆ ಬಂದು, ಕುರ್ಚಿಯನ್ನು ಹಾಸಿಗೆಯಿಂದ ದೂರ ಎಳೆದುಕೊಂಡು ಕೂತ.

“ನಿಮ್ಮ ಅಕ್ಕ ಕೊಟ್ಟ ಜಾಕೆಟ್ ಸುಟ್ಟುಬಿಟ್ಟೆ ಮೇಡಂ. ಒಂದೇ ನಿಮಿಷದಲ್ಲಿ ಸುಟ್ಟುಹೋಯ್ತು.”

“ಮತ್ತೆ ಯಾಕೆ ಹೆದರ್ತೀರಿ ಕಾಕ?”

“ಅಷ್ಟು ಸುಲಭಕ್ಕೆ ಸುಟ್ಟುಹೋಯ್ತಲ್ಲ,” ಅವನ ದನಿ ಇಳಿಯಿತು. “ಅದರೊಳಗೆ ಆಗ ಏನೂ ಇರಲಿಲ್ಲ ಅಂತ ಅಲ್ಲವಾ?”

ಮೂರು ವಾರದ ನಂತರ ಅವಳನ್ನು ಊರಿಗೆ ಕಳಿಸಲು ಜಲಜಾಕ್ಷಿ ಏರ್‌ಪೋರ್ಟಿಗೆ ಬಂದಳು. ಕುತ್ತಿಗೆಗೆ ಶಾಲು ಸುತ್ತಿದ್ದಳು. ಪಾಸ್‌ಪೋರ್ಟಿನ ಸಾಲು ಹತ್ತಿರ ಬಂದಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಅಳುತ್ತ, ಎರಡೂ ತೋಳು ಚಾಚಿ ಬಂದಳು.

“ನೀನಲ್ಲ ಅದು, ಮಗಾ. ನಂಗೆ ಗೊತ್ತುಂಟು. ಬಾ ಇಲ್ಲಿ.”

ಯಶ್ಮಿತಾಳಿಗೂ ಓಡಿ ಹೋಗಿ ಆ ಎದೆಗೆ ಒರಗಬೇಕೆನಿಸಿತು. ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಎಡಗೈ ತಾನಾಗಿ ಮೇಲೇಳುತ್ತಿರುವುದು ಕಂಡಿತು. ಬೆರಳುಗಳು ಅಗಲವಾಗಿ ತೆರೆದಿದ್ದವು.

ಅದನ್ನು ಬ್ಯಾಂಡೇಜಿನ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದು, ಅಕ್ಕನಿಗೆ ಬೆನ್ನು ಹಾಕಿ, ಅವಳು ಒಳಗೆ ನಡೆದುಬಿಟ್ಟಳು.