ಬಾಗಿಲ ಹಿಂದಿನ ಹದಿನೇಳು ಮಕ್ಕಳು

“ಬಿಡೇ... ಬಿಡೇ ಮಗೂನ! ಉಸಿರು ಕಟ್ಟಿ ಸತ್ತೋಗ್ತದೆ ಕಣೇ!”

ಮುನಿಶಾಮಮ್ಮ ಕಿರುಚಿದ ರಭಸಕ್ಕೆ ಬೀದಿಯವರೆಲ್ಲ ತಿರುಗಿ ನೋಡಿದರು. ಗೌರಿಬಿದನೂರಿನ ಆ ಸಣ್ಣ ಬೀದಿಯಲ್ಲಿ ಯಾರದೋ ಮದುವೆಯ ಮೆರವಣಿಗೆ ಸಾಗಿತ್ತು. ಅವಳ ಮಗನ ಮನೆಯ ಮುಂದೆಯೇ ಹಚ್ಚಿದ ಪಟಾಕಿ ಸರ ಪಟಪಟನೆ ಸಿಡಿಯುತ್ತಿತ್ತು. ಮೊದಲ ಸದ್ದಿಗೇ ಸೊಸೆ ತನುಜ ಕೈಲಿದ್ದ ಅನ್ನದ ತಟ್ಟೆಯನ್ನು ಎಸೆದು, ಎಂಟು ವರ್ಷದ ಮಗಳು ಲಾವಣ್ಯಳನ್ನು ಬಾಚಿ ಎಳೆದುಕೊಂಡು ಮಂಚದ ಕೆಳಗೆ ನುಗ್ಗಿದ್ದಳು. ಒಂದು ಕೈ ಮಗುವಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿತ್ತು. ಇನ್ನೊಂದು ಕೈ ಅದರ ತಲೆಯನ್ನು ಎದೆಗೆ ಒತ್ತಿ ಹಿಡಿದಿತ್ತು. ಮಗು ಕಾಲು ಬಡಿಯುತ್ತಿತ್ತು. ತನುಜಳ ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಿಗೆ ಎದುರಿಗಿದ್ದ ಅತ್ತೆ ಕಾಣುತ್ತಿರಲಿಲ್ಲ.

ಮುನಿಶಾಮಮ್ಮ ಮೊಣಕಾಲೂರಿ, ಬಲವೆಲ್ಲ ಹಾಕಿ ಮೊಮ್ಮಗಳನ್ನು ಹೊರಗೆಳೆದಳು. ಸೊಸೆ ತೆವಳಿಕೊಂಡು ಹೊರಬರುತ್ತಿದ್ದಂತೆ ರಪ್ಪನೆ ಅವಳ ಕೆನ್ನೆಗೆ ಬಾರಿಸಿದಳು.

“ಎರಡು ವರ್ಷ ಮಗೂನ ಬಿಟ್ಟೋಗಿ ಈಗ ಬಂದು ಸಾಯಿಸೋಕೆ ನೋಡ್ತೀಯಾ? ತಲೆ ಕೆಟ್ಟೋಗದೆ ನಿನಗೆ!”

ತನುಜ ಕೆನ್ನೆಯನ್ನೂ ಮುಟ್ಟಿಕೊಳ್ಳಲಿಲ್ಲ. ತನ್ನ ಎರಡು ಅಂಗೈಗಳನ್ನು ಹೊಸದಾಗಿ ಕಂಡವಳಂತೆ ನೋಡುತ್ತ ಗೋಡೆಗೆ ಒರಗಿ ಕುಳಿತಳು. ಆ ಸಂಜೆಯೇ ಮುನಿಶಾಮಮ್ಮ ಲಾವಣ್ಯಳ ಬಟ್ಟೆಗಳನ್ನು ಬ್ಯಾಗಿಗೆ ತುಂಬಿ, ತಡೆಯಲು ಬಂದ ಮಗ ಭಾನುಪ್ರಕಾಶನನ್ನು ಪಕ್ಕಕ್ಕೆ ತಳ್ಳಿ, ಮಂಚೇನಹಳ್ಳಿಯ ತನ್ನ ಮನೆಗೆ ಬಸ್ಸು ಹತ್ತಿಬಿಟ್ಟಳು.

ಅವಳ ಕೋಪ ಆ ದಿನದ್ದಲ್ಲ. ಗಂಡ ಹೋದ ಮೇಲೆ ಮೂವತ್ತು ವರ್ಷ ಮಂಚೇನಹಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು, ಒಬ್ಬನೇ ಮಗನನ್ನು ಓದಿಸಿದವಳು ಆಕೆ. ಮಗ ಗೌರಿಬಿದನೂರು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ತನುಜ ಸೊಸೆಯಾಗಿ ಬಂದಳು. ಊರಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಅವಳು ಅಮೆರಿಕದ ಒಂದು ಸಣ್ಣ ಊರಿನ ಶಾಲೆಗೆ ಮೂರು ವರ್ಷದ ಮಟ್ಟಿಗೆ ಆಯ್ಕೆಯಾದಾಗ ಭಾನುಪ್ರಕಾಶ ಹೆಮ್ಮೆಯಿಂದ ಒಪ್ಪಿದ. ಮುನಿಶಾಮಮ್ಮ ಮಾತ್ರ ಮೂರು ದಿನ ಊಟ ಬಿಟ್ಟಿದ್ದಳು. ‘ಹೆತ್ತ ಮಗೂನ ಬಿಟ್ಟು ಊರ ಮಕ್ಕಳನ್ನ ಉದ್ಧಾರ ಮಾಡಕ್ಕೆ ಹೋಗ್ತಾಳಂತೆ’ ಎಂದು ಬಂದವರ ಮುಂದೆಲ್ಲ ಹೇಳಿದ್ದಳು. ಆ ಮಾತು ಲಾವಣ್ಯಳ ಕಿವಿಗೂ ಬೀಳುವಂತೆ ನೋಡಿಕೊಂಡಿದ್ದಳು. ಎರಡು ವರ್ಷದಲ್ಲಿ ಮಗು ಫೋನಿನಲ್ಲಿ ಅಮ್ಮನ ಮುಖ ಕಂಡರೆ ಅಜ್ಜಿಯ ಸೆರಗಿನ ಹಿಂದೆ ಅಡಗುವಷ್ಟು ದೂರವಾಗಿತ್ತು. ಜೂನ್ ರಜೆಗೆಂದು ಬಂದ ತನುಜ ಆ ಮಗುವನ್ನು ಮತ್ತೆ ಹತ್ತಿರ ಮಾಡಿಕೊಳ್ಳಲು ಹೆಣಗುತ್ತಿರುವಾಗಲೇ ಈ ಪಟಾಕಿ!

ಮೂರನೆಯ ದಿನ ಭಾನುಪ್ರಕಾಶ ಮಂಚೇನಹಳ್ಳಿಗೆ ಬಂದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿತ್ತು.

“ಅಮ್ಮ, ಕೂತ್ಕೊ. ಒಂದು ವಿಷಯ ಹೇಳ್ಬೇಕು. ನನಗೂ ಮೊನ್ನೇನೇ ಗೊತ್ತಾಗಿದ್ದು.”

“ಡಾಕ್ಟರ ಹತ್ರ ತೋರಿಸಿದೆಯಾ ಅವಳನ್ನ?”

“ಮಾರ್ಚ್ ತಿಂಗಳಲ್ಲಿ ಅವಳ ಸ್ಕೂಲಿಗೆ ಒಬ್ಬ ಹುಡುಗ ಬಂದೂಕು ತಗೊಂಡು ನುಗ್ಗಿದ್ನಂತಮ್ಮ. ಅದೇ ಸ್ಕೂಲಿನ ಹುಡುಗ, ಹದಿನಾಲ್ಕು ವರ್ಷ. ಅಪ್ಪನ ಬೀರುವಿನಿಂದ ತಗೊಂಡು ಬಂದಿದ್ದ. ತನುಜ ಹದಿನೇಳು ಮಕ್ಕಳನ್ನ ಸಾಮಾನಿನ ಕೋಣೇಲಿ ಕೂಡಿಹಾಕಿ ಒಳಗಿಂದ ಬಾಗಿಲು ಹಿಡ್ಕೊಂಡು ನಿಂತಿದ್ಲು. ಪಕ್ಕದ ಕ್ಲಾಸಿನ ರೂತ್ ಅನ್ನೋ ಟೀಚರಮ್ಮ ಸತ್ತೋದ್ರು. ಆಯಮ್ಮನ ಮನೇಲೇ ಇವಳು ಬಾಡಿಗೆಗಿದ್ದದ್ದು... ನಾವು ಹೆದರ್ತೀವಿ ಅಂತ ಬಾಯಿ ಬಿಟ್ಟಿಲ್ಲ.”

ಮುನಿಶಾಮಮ್ಮ ಮೊಮ್ಮಗಳತ್ತ ಒಮ್ಮೆ ತಿರುಗಿ ನೋಡಿದಳು. ಆದರೂ ಸೋಲು ಒಪ್ಪುವ ಜಾಯಮಾನ ಅವಳದಲ್ಲ. “ಅಂಥಾ ಊರಿಗೆ ಹೋಗು ಅಂದೋರ್ಯಾರು?” ಎಂದಳು.

“ಈಗ ಆ ರಾಜ್ಯದಲ್ಲಿ ಟೀಚರುಗಳೂ ಬಂದೂಕು ಇಟ್ಕೊಬಹುದು ಅಂತ ಕಾನೂನು ಬರ್ತಿದೆ. ಗುರುವಾರ ಶಾಸಕರ ಸಮಿತಿ ಮುಂದೆ ವಿಚಾರಣೆ. ರೂತ್ ಗಂಡ ವಾಲ್ಟರ್ ಆ ಕಾನೂನಿನ ಪರ. ನೀನೂ ಕಂಪ್ಯೂಟರ್‌ನಲ್ಲಿ ಬಂದು ನನ್ನ ಪರ ಮಾತಾಡಮ್ಮ ಅಂತ ಇವಳನ್ನ ಬೇಡ್ಕೊಂಡಿದಾರೆ.”

“ಸರಿ ತಾನೆ! ಆಯಮ್ಮನ ಕೈಲೂ ಒಂದು ಬಂದೂಕು ಇದ್ದಿದ್ರೆ ಬದುಕ್ಕೊತಿರಲಿಲ್ವಾ?”

“ಆಯಪ್ಪನೂ ಅದೇ ಅನ್ನೋದು. ನಮ್ಮ ಪ್ರಾಣ ಕಾಯ್ಕೊಳೋದು ನಮ್ಮ ಹಕ್ಕು ಅಂತಾರೆ. ಆದ್ರೆ ತನುಜಾಗೆ ಮನಸ್ಸು ಒಪ್ತಿಲ್ಲ. ಮಗಳ ಥರ ನೋಡ್ಕೊಂಡೋರಿಗೆ ಇಲ್ಲ ಅನ್ನೋದು ಹೇಗೆ ಅಂತ ಹೇಳ್ಬೇಕಾದ್ದನ್ನ ಬರೀತಾಳೆ, ಹರೀತಾಳೆ, ಮತ್ತೆ ಬರೀತಾಳೆ.”

ಮಗ ಹೋದ ಮೇಲೆ ಮುನಿಶಾಮಮ್ಮ ರಾಗಿ ಕೇರುತ್ತ ಕುಳಿತಳು. ಪಕ್ಕದಲ್ಲಿ ಬರೆಯುತ್ತಿದ್ದ ಲಾವಣ್ಯ ತಲೆಯೆತ್ತದೆ ಹೇಳಿದಳು: “ಅಜ್ಜಿ, ಮಂಚದ ಕೆಳಗೆ ಅಮ್ಮ ನನ್ನ ಹೆಸರೇ ಕರೀಲಿಲ್ಲ. ಇಂಗ್ಲಿಷ್ ಹೆಸರುಗಳನ್ನ ಒಂದೊಂದಾಗಿ ಹೇಳ್ತಾ ಇದ್ಲು. ನಾನಿದೀನಿ, ನಾನಿದೀನಿ ಅಂತಾನೂ ಅಂತಿದ್ಲು. ಅಳ್ತಿದ್ಲು ಅಜ್ಜಿ.”

ಮೊರ ಅಲ್ಲೇ ನಿಂತಿತು.

ಗುರುವಾರ ಸಂಜೆ ಏಳಕ್ಕೆ ಜೆರಾಕ್ಸ್ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಲಾವಣ್ಯಳ ಕೈ ಹಿಡಿದುಕೊಂಡು ಮುನಿಶಾಮಮ್ಮ ಬಗ್ಗಿ ಒಳಗೆ ಬಂದಳು. ಕಂಪ್ಯೂಟರಿನ ಮುಂದೆ ತನುಜ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು, ಇವರನ್ನು ಗಮನಿಸಲಿಲ್ಲ. ಪರದೆಯ ಮೇಲೆ ಎಪ್ಪತ್ತರ ಆಸುಪಾಸಿನ ಬಿಳಿಯ ಮುದುಕ ಮಾತಾಡುತ್ತಿದ್ದ. ಭಾನುಪ್ರಕಾಶ ತಾಯಿಯ ಪಕ್ಕ ಬಂದು ಪಿಸುದನಿಯಲ್ಲಿ ಕನ್ನಡ ಮಾಡತೊಡಗಿದ.

“ಅವರೇ ವಾಲ್ಟರ್. ‘ನನ್ನ ಹೆಂಡತಿ ಚೆನ್ನಾಗಿ ಗುರಿ ಇಡ್ತಿದ್ದಳು. ಅವತ್ತು ಅವಳ ಕೈಲಿದ್ದದ್ದು ಬರೀ ಸೀಮೆಸುಣ್ಣ. ಅವಳಿಗೊಂದು ಅವಕಾಶ ಆದ್ರೂ ಇರಬೇಕಿತ್ತು’ ಅಂತಿದಾರೆ.”

ಮುದುಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಭಾಷೆ ಬಾರದ ಮುನಿಶಾಮಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾಪ... ಅವನದೇನು ತಪ್ಪು?

ತನುಜಳ ಸರದಿ ಬಂತು. ಅವಳು ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಮೊದಲು ವಾಲ್ಟರನಿಗೆ ಕೈ ಮುಗಿದಳು. ಆಮೇಲೆ ನಿಧಾನವಾಗಿ ಮಾತಾಡಿದಳು. ಭಾನುಪ್ರಕಾಶ ಅದನ್ನೂ ಕನ್ನಡ ಮಾಡುತ್ತ ಹೋದ.

“‘ರೂತ್ ಕೈಯಲ್ಲಿ ಬಂದೂಕು ಇದ್ದಿದ್ದರೆ ಬದುಕುತ್ತಿದ್ದರೇನೋ. ಇಲ್ಲ ಅನ್ನುವ ಧೈರ್ಯ ನನಗಿಲ್ಲ. ನನಗೆ ಗೊತ್ತಿರುವುದು ನನ್ನ ಕೋಣೆಯ ಮಾತು. ಒಂದು ಕೈಯಲ್ಲಿ ಬಾಗಿಲ ಹಿಡಿಕೆ ಹಿಡಿದಿದ್ದೆ. ಕೆಮ್ಮು ಬಂದ ಒಂದು ಮಗುವಿನ ಬಾಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿದ್ದೆ. ಅದಕ್ಕೆ ನೋವಾಗುತ್ತಿದೆ ಅಂತ ಗೊತ್ತಿತ್ತು. ಆದರೂ ಬಿಡಲಿಲ್ಲ. ಬಂದೂಕು ಹಿಡಿಯಲು ನನಗೆ ಮೂರನೆಯ ಕೈ ಇರಲಿಲ್ಲ.’”

ಮುನಿಶಾಮಮ್ಮ ಸೊಸೆಯ ಕೈಗಳನ್ನೇ ನೋಡಿದಳು. ಇದೇ ಕೈ... ಇದೇ ಕೈಯಲ್ಲವೇ ಮಂಚದ ಕೆಳಗೆ ಕಂಡದ್ದು!

“‘ಆ ಹುಡುಗ ಬಾಗಿಲ ಆಚೆ ನಿಂತು, ಮಿಸ್, ಒಳಗಿದ್ದೀರಾ ಅಂತ ಕೇಳಿದ. ಹಿಂದಿನ ವರ್ಷ ಅವನಿಗೆ ಭಿನ್ನರಾಶಿ ಕಲಿಸಿದವಳು ನಾನು. ನನ್ನ ಬಳಿ ಬಂದೂಕು ಇದ್ದಿದ್ದರೆ ಆ ದನಿಗೆ ಗುರಿ ಇಡಬೇಕಾಗಿತ್ತು. ಇಟ್ಟೂ ಇರುತ್ತಿದ್ದೆ, ಅಷ್ಟು ಹೆದರಿದ್ದೆ. ಆಮೇಲೆ ಯಾವ ಮಗುವಿನ ಮುಂದೆ ನಿಂತು ಪಾಠ ಹೇಳಲಿ? ಆ ಬಂದೂಕು ಅವನ ಕೈಗೆ ಸಿಗದ ಹಾಗೆ ಮಾಡಿ. ನನ್ನ ಕೈಗೆ ಕೊಡಬೇಡಿ.’”

ಸಮಿತಿಯ ಒಬ್ಬಾತ ಹುಬ್ಬು ಗಂಟಿಕ್ಕಿ ಏನೋ ಕೇಳಿದ.

“‘ಶಸ್ತ್ರ ಇಟ್ಟುಕೊಳ್ಳುವುದು ನಮ್ಮ ಹಕ್ಕು. ಹೊರಗಿನಿಂದ ಬಂದ ನಿಮಗೆ ಅದು ಹೇಗೆ ಅರ್ಥವಾಗುತ್ತೆ’ ಅಂತ ಕೇಳ್ತಿದಾರಮ್ಮ...”

ತನುಜಳ ದನಿ ಏರಲಿಲ್ಲ. “‘ನಿಜ, ನಾನು ಅತಿಥಿ. ಕಾನೂನು ನಿಮ್ಮದು. ಆದರೆ ಆ ಹದಿನೇಳು ಮಕ್ಕಳನ್ನು ನೀವು ನನ್ನ ವಶಕ್ಕೆ ಕೊಟ್ಟಿದ್ದಿರಿ. ಹದಿನೇಳನ್ನೂ ವಾಪಸ್ಸು ಕೊಟ್ಟಿದ್ದೇನೆ. ಅಷ್ಟು ಹೇಳುವ ಹಕ್ಕು ನನಗಿದೆ.’”

ಪರದೆಯ ಮೇಲೆ ವಾಲ್ಟರ್ ಎದ್ದು, ಯಾರನ್ನೂ ನೋಡದೆ ಹೊರಗೆ ನಡೆದುಬಿಟ್ಟ. ತನುಜ ಕಂಪ್ಯೂಟರ್ ಆರಿಸಿ ಮೇಜಿಗೆ ತಲೆಯಿಟ್ಟಳು.

“ಅವರ ಅನ್ನ ತಿಂದು ಅವರಿಗೇ ಇಲ್ಲ ಅಂದೆ ರೀ... ಆಯಮ್ಮನ ಆತ್ಮ ನನ್ನ ಕ್ಷಮಿಸುತ್ತಾ?”

ತಲೆಯ ಮೇಲೆ ಬಿದ್ದ ಕೈ ಗಂಡನದಲ್ಲ. ತಿರುಗಿದಾಗ ಮುನಿಶಾಮಮ್ಮ ನಿಂತಿದ್ದಳು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

“ನಿನ್ನ ಹೊಡೆದುಬಿಟ್ಟೆನಲ್ಲೇ ನನ್ನವ್ವ... ಹದಿನೇಳು ತಾಯಂದಿರ ಹೊಟ್ಟೆ ತಣ್ಣಗಿಟ್ಟೋಳ ಕೆನ್ನೆಗೆ ಹೊಡೆದೆನಲ್ಲೇ!”

“ಅತ್ತೆ, ನೀವು ಬಿಡಿಸದೇ ಇದ್ದಿದ್ರೆ ಮಗೂಗೆ ಏನಾಗ್ತಿತ್ತೋ. ನಿಮ್ಮದೇನೂ ತಪ್ಪಿಲ್ಲ.”

“ಸುಮ್ನಿರು! ಮೂವತ್ತು ವರ್ಷ ಊರ ಮಕ್ಕಳ ಮೂಗು ಒರೆಸಿದೋಳು ನಾನು. ಒಂದು ದಿನ ಅಂಗನವಾಡೀಲಿ ಗ್ಯಾಸ್ ಹತ್ಕೊಂಡಾಗ ಅಲ್ಲೇ ಇದ್ದ ನನ್ನ ಭಾನುನ ಮರೆತು ಆ ಮಕ್ಕಳನ್ನೇ ಮೊದ್ಲು ಎತ್ಕೊಂಡು ಓಡಿದ್ದೆ. ಅದನ್ನ ಊರೆಲ್ಲ ಹೊಗಳಿದ್ರು. ಅದೇ ನೀನು ಮಾಡಿದ್ರೆ ನನ್ನ ಕಣ್ಣಿಗೆ ಕಾಣಲಿಲ್ವಲ್ಲ!” ಅವಳು ಲಾವಣ್ಯಳನ್ನು ಮುಂದಕ್ಕೆ ದೂಡಿದಳು. “ಹೋಗಮ್ಮ. ನಿಮ್ಮಮ್ಮನ ಹತ್ರ ಹೋಗು. ಇಷ್ಟು ದಿನ ನಿನಗೆ ನಾನು ಹೇಳಿದ್ದೆಲ್ಲ ಸುಳ್ಳು.”

ಮಗು ಒಂದು ಕ್ಷಣ ಅಳುಕಿತು. ಆಮೇಲೆ ಅಮ್ಮನ ಮಡಿಲಿಗೆ ಬಿತ್ತು.

ಆ ಕಾನೂನು ಎರಡು ಮತಗಳ ಅಂತರದಿಂದ ಸಮಿತಿಯನ್ನು ದಾಟಿ ಮುಂದಕ್ಕೆ ಹೋಯಿತು. ತನುಜ ಸೋತಿದ್ದಳು. ವಾಲ್ಟರನಿಂದ ಹದಿನೈದು ದಿನ ಸುದ್ದಿಯಿರಲಿಲ್ಲ. ಆಮೇಲೆ ನಾಲ್ಕು ಸಾಲಿನ ಒಂದು ಪತ್ರ ಬಂತು: ‘ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ, ಮಗಳೇ. ಮುಂದೆಯೂ ಒಪ್ಪಲಾರೆನೇನೋ. ಆದರೆ ನೀನು ಸುಳ್ಳಾಡಲಿಲ್ಲ. ರೂತ್ ಇದ್ದಿದ್ದರೆ ಅಷ್ಟಕ್ಕೇ ನಿನ್ನನ್ನು ಮೆಚ್ಚುತ್ತಿದ್ದಳು. ಬರುವುದಾದರೆ ತಿಳಿಸು, ಏರ್‌ಪೋರ್ಟಿಗೆ ಬರುತ್ತೇನೆ.’

“ನಾನು ಹೋಗಲ್ಲ ಅತ್ತೆ” ಎಂದಳು ತನುಜ. ಅಷ್ಟರಲ್ಲಿ ಚಿಕ್ಕಬಳ್ಳಾಪುರದ ಮಾನಸಿಕ ಡಾಕ್ಟರೊಬ್ಬರ ಬಳಿ ನಾಲ್ಕು ಸಲ ಹೋಗಿಬಂದಿದ್ದಳು. ಮಗಳು ಪಕ್ಕದಲ್ಲಿ ಮಲಗಿದರೆ ನಿದ್ದೆಯೂ ಬರತೊಡಗಿತ್ತು. “ಲಾವಣ್ಯನ ಜೊತೆ ಇದ್ದುಬಿಡ್ತೀನಿ.”

“ಆ ಹದಿನೇಳು ಮಕ್ಕಳು?”

ತನುಜ ತಲೆ ತಗ್ಗಿಸಿ, “ಮುಂದಿನ ಕ್ಲಾಸಿಗೂ ನೀವೇ ಬರ್ಬೇಕು ಅಂತ ಮಾತು ತಗೊಂಡಿದ್ವು” ಎಂದಳು. ಕಣ್ಣು ತುಂಬಿತ್ತು.

ಹೋಗಬೇಡ ಎಂದುಬಿಟ್ಟರೆ ಆಯಿತು, ಸೊಸೆ ಉಳಿಯುತ್ತಾಳೆ. ತುಟಿಯವರೆಗೂ ಬಂದ ಆ ಮಾತನ್ನು ಮುನಿಶಾಮಮ್ಮ ನುಂಗಿಕೊಂಡಳು.

“ಒಂದು ವರ್ಷ ತಾನೆ? ಕೊಟ್ಟ ಮಾತು ಮುಗಿಸಿ ಬಾರಮ್ಮ. ಬಾಗಿಲು ಹಿಡಿದು ನಿಂತೋಳೇ ಬರಲಿಲ್ಲ ಅಂದ್ರೆ ಆ ಕಂದಮ್ಮಗಳು ಯಾರನ್ನ ನಂಬಬೇಕು? ಇಲ್ಲಿ ನಾನಿದೀನಿ. ದಿನಾ ಫೋನಿನ ಮುಂದೆ ಇವಳನ್ನ ಕೂರಿಸ್ತೀನಿ. ಇದು ನನ್ನ ಮಾತು.”

ಆಗಸ್ಟ್ ಮೊದಲ ವಾರ ತನುಜ ಹೊರಟಳು. ಭಾನುಪ್ರಕಾಶ ಅವಳನ್ನು ಬಿಡಲು ಏರ್‌ಪೋರ್ಟಿಗೆ ಹೋಗಿದ್ದ. ಮರುದಿನ ಲಾವಣ್ಯಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ ಮುನಿಶಾಮಮ್ಮನನ್ನು ಹಳೆಯ ಪರಿಚಯದ ಹೆಂಗಸೊಬ್ಬಳು ದಾರಿಯಲ್ಲಿ ತಡೆದು, ಕನಿಕರದ ದನಿಯಲ್ಲಿ ಕೇಳಿದಳು: “ಏನಕ್ಕ, ನಿನ್ನ ಸೊಸೆ ಕಾಣ್ತಿಲ್ಲ?”

ಮುನಿಶಾಮಮ್ಮ ಸೆರಗು ಸರಿಪಡಿಸಿಕೊಂಡು ತಲೆಯೆತ್ತಿ ಹೇಳಿದಳು: “ಪಾಠ ಹೇಳಕ್ಕೆ ಹೋಗವಳೆ ಕಣಮ್ಮ. ನಾನೇ ಕಳಿಸಿದ್ದು.”