ಸುಬ್ಬಪ್ಪನ ಮಾರು, ಹಾಲಮ್ಮನ ಮಾರು

"ಏರಿ ಬುಡದಲ್ಲಿ ನೀರು ಹೊರಬಿಡೋ ಹಳೇ ತೂಬು ಇರೋದು ನಿಜ ಆದ್ರೆ ಸಂಜೆಯೊಳಗೆ ತೋರಿಸಿ, ಅದನ್ನೇ ರಿಪೇರಿ ಮಾಡ್ತೀವಿ. ಇಲ್ಲಾಂದ್ರೆ ನಾಳೆ ಹೊಸ ಕಾಲುವೆಗೆ ಗುರುತು ಹಾಕ್ತೀವಿ," ಎಂದಿದ್ದರು ಎಂಜಿನಿಯರ್. ಆ ಕಾಲುವೆ ಹಾಯುವುದು ಹಾಲಮ್ಮನಿಗಿದ್ದ ಒಂದೇ ಗದ್ದೆಯ ನಡುವೆ.

೧೯೯೬ರ ಆ ಬೆಳಿಗ್ಗೆ ಕುಪ್ಪಗಡ್ಡೆ ಹತ್ತಿರದ ದೊಡ್ಡ ಕೆರೆಗೆ ಹರಿಗೋಲು ಇಳಿಯಿತು. ಆರಡಿ ಎತ್ತರದ ಮೀನುಗಾರ ಸುಬ್ಬಪ್ಪ ಕಲ್ಲು ಕಟ್ಟಿದ ಹಗ್ಗ ಹಿಡಿದ. ಕೆರೆಗಳ ತಳದ ನಕ್ಷೆ ಬರೆಯುವ ಸ್ವಯಂಸೇವಕರ ತಂಡದಿಂದ ಬಂದ ಶಿಕಾರಿಪುರದ ಕಾಲೇಜು ಹುಡುಗಿ ರಮ್ಯ ಹಾಳೆ ಬಿಚ್ಚಿದಳು. ಬೇಡವೆಂದರೂ ಹತ್ತಿ ಕೂತ ಹಾಲಮ್ಮ ಹುಟ್ಟು ಹಾಕಿದಳು. ನೀರು ತಿಳಿಯಾಗಿತ್ತು, ತಾವರೆ ಎಲೆಗಳ ನಡುವೆ ನೀರುಕೋಳಿಗಳು ಓಡಾಡುತ್ತಿದ್ದವು, ಮೂವರಿಗೂ ಹಬ್ಬದ ಹುರುಪು.

ಸುಬ್ಬಪ್ಪ ಕಲ್ಲು ಇಳಿಬಿಟ್ಟು, ಹಗ್ಗ ಎಳೆದು, ಎರಡೂ ತೋಳು ಚಾಚಿ ಅಳೆಯುತ್ತಿದ್ದ. "ಮೂರು ಮಾರು!" ಎಲ್ಲೆಡೆ ಅಷ್ಟೇ; ತೂಬು ಇದ್ದ ಕಡೆ ಮಾತ್ರ ಹೊಂಡ ಬಿದ್ದು ಆಳ ಹೆಚ್ಚಿರಬೇಕು.

ಮಧ್ಯಾಹ್ನ ಗಾಳಿ ಎದ್ದಿತು. ಹರಿಗೋಲು ಬುಗುರಿಯಂತೆ ತಿರುಗಿತು. ಸುಬ್ಬಪ್ಪ ಹುಟ್ಟು ಕಸಿದುಕೊಂಡ. ಹಗ್ಗ ಹಾಲಮ್ಮನ ಕೈಗೆ ಬಂತು.

"ನಾಲ್ಕು ಮಾರು!" ಹಾಲಮ್ಮ ಕೂಗಿದಳು. "ಹೊಂಡ ಸಿಕ್ತು ಕಣೇ! ತೂಬು ಇಲ್ಲೇ ಐತೆ!"

ಮುಂದಿನ ಜಾಗದಲ್ಲೂ ನಾಲ್ಕು. ಅದರ ಮುಂದೆಯೂ ನಾಲ್ಕು. ರಮ್ಯ ಪೆನ್ಸಿಲ್ ಕಚ್ಚಿದಳು.

"ಹಾಲಮ್ಮೋರೇ, ನೀವು ಹಗ್ಗ ಹಿಡಿದ ಮೇಲೆ ಇಡೀ ಕೆರೆ ಆಳ ಆಗೈತಲ್ರೀ! ನಿಮ್ ತೋಳು ಗಿಡ್ಡ."

ಸುಬ್ಬಪ್ಪ ಬಿದ್ದು ಬಿದ್ದು ನಕ್ಕ. ಹಾಲಮ್ಮ ನಗಲಿಲ್ಲ. ಆ ತಪ್ಪು ಲೆಕ್ಕದಲ್ಲೇ ಅವಳ ಗದ್ದೆ ಉಳಿಯುವಂತಿತ್ತು. ಆದರೂ ಹಾಳೆಯತ್ತ ಬೆರಳು ಚಾಚಿ, "ಅಳಿಸು," ಎಂದಳು. "ಸುಳ್ಳು ಹೊಂಡದಾಗೆ ನೀರು ಹರಿಯಲ್ಲ."

ಸೆರಗಿನ ಅಂಚು ಹರಿದು, ಸುಬ್ಬಪ್ಪನ ಒಂದೊಂದು ಮಾರಿಗೂ ಹಗ್ಗಕ್ಕೆ ಚಿಂದಿ ಕಟ್ಟಿದಳು. ಇನ್ನು ಯಾರು ಎಳೆದರೂ ಅಳತೆ ಒಂದೇ.

ಮತ್ತೆ ಗಾಳಿಗೆ ಎದುರಾಗಿ ಹೊರಟರು. ಅಲೆ ಒಳಗೆ ನುಗ್ಗಿತು. ರಮ್ಯ ಒಂದು ಕೈಯಲ್ಲಿ ನೀರು ಗೋರಿ, ಇನ್ನೊಂದು ಕೈಯಲ್ಲಿ ಬರೆದಳು. ಮೂರು, ಮೂರು, ಮೂರು.

ಹೊತ್ತು ಇಳಿಯತೊಡಗಿತು. ಏರಿಯ ತೆಂಕಣ ಮೂಲೆಯಲ್ಲಿ ಹಗ್ಗ ಸರ್ರನೆ ಜಾರಿತು. ನಾಲ್ಕನೇ ಚಿಂದಿ ಮುಳುಗಿತು, ಐದನೆಯದೂ ಮುಳುಗಿತು. ಕಲ್ಲಿಗೆ ಕಲ್ಲು ತಾಗಿ ಹಗ್ಗ ನಡುಗಿತು.

ಸುಬ್ಬಪ್ಪ ಧುಮುಕಿದ. ಉಸಿರು ಕಟ್ಟುವಷ್ಟು ಹೊತ್ತಾದ ಮೇಲೆ ತಲೆ ಎತ್ತಿದ. "ತೂಬಿನ ಕಂಬ ಹಾಲಕ್ಕಾ! ಮುಟ್ಟಿದೆ, ಎರಡೈತೆ!"

ಹಾಲಮ್ಮ ರಮ್ಯಳನ್ನು ತಬ್ಬಿಕೊಂಡು ಅತ್ತಳು.

ಏರಿಯ ಮೇಲೆ ಕಾದಿದ್ದ ಎಂಜಿನಿಯರ್ ತೂಬಿನ ಗುರುತು ಹಾಕಿದ್ದ ಒದ್ದೆ ನಕ್ಷೆ ನೋಡಿದರು. "ಇಷ್ಟೊಂದು ಅಳಿಸಿದ್ದೀರಲ್ಲ, ಯಾರ ಅಳತೆ?"

"ಅಳಿಸಿದ್ದೆಲ್ಲ ನಂದೇ ಸ್ವಾಮಿ," ಎಂದಳು ಹಾಲಮ್ಮ.

ಎಂಜಿನಿಯರ್ ನಕ್ಕು, ಪೆನ್ಸಿಲ್ ಇಸಿದುಕೊಂಡು, ತಮ್ಮ ನಕ್ಷೆಯಲ್ಲಿದ್ದ ಹೊಸ ಕಾಲುವೆಯ ಗೆರೆಯನ್ನೂ ಅಳಿಸಿದರು.